ಎಂಜಲು ತಟ್ಟೆ ತೊಳೆಯುವವರು ಯಾರು?

ಊಟ ಹಾಕುವುದನ್ನು ಕರಾವಳಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಾರ್ಕಳಕ್ಕೆ ತಾಗಿಕೊಂಡಿರುವ ಕುಕ್ಕುಂದೂರಿನಂಥ ಗ್ರಾಮವನ್ನೇ ತೆಗೆದುಕೊಳ್ಳಿ. ಸುತ್ತಲಿನ ಯಾವುದಾದರೂ ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ನಿಶ್ಚಯವಾದರೆ ಸಾಕು, ಊರೂರಿನಿಂದ ಹೊರೆಕಾಣಿಕೆಯ ಮೆರವಣಿಗೆ ಹೊರಡುತ್ತದೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಸೌತೆಕಾಯಿ, ಬಾಳೆಗೊನೆ ಬಂದು ಉಗ್ರಾಣ ತುಂಬುತ್ತದೆ. ವಾರಗಳ ಮೊದಲೇ ಯುವಕ ಮಂಡಲದವರೂ ಮಹಿಳಾ ಮಂಡಲದವರೂ ಕರಸೇವೆಗೆ ಬಂದು ಅಂಗಳ ಸಮ ಮಾಡುತ್ತಾರೆ, ಚಪ್ಪರಕ್ಕೆ ಕಂಬ ಹೂಳುತ್ತಾರೆ, ರಾತ್ರಿಯೆಲ್ಲ ಕೂತು ತರಕಾರಿ ಹೆಚ್ಚುತ್ತಾರೆ. ಬಸದಿಗಳ ಊರಾದ ಕಾರ್ಕಳಕ್ಕೆ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಜೈನರ ಚತುರ್ವಿಧ ದಾನದ ಪರಿಚಯ ಶತಮಾನಗಳಷ್ಟು ಹಳೆಯದು. ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಧರ್ಮಸ್ಥಳ, ಉಡುಪಿ, ಕಟೀಲು, ಕೊಲ್ಲೂರುಗಳಿಗೆ ಹೋದವರು ಉಣ್ಣದೆ ಮರಳುವುದು ಅಪರೂಪ. ಇಂಥ ಸೀಮೆಯವರು ಸಿಖ್ಖರ ಸೇವೆಯಿಂದ ಕಲಿಯುವುದು ಏನು ಉಳಿದಿದೆ?

ಒಂದು ಪ್ರಶ್ನೆ ಉಳಿದಿದೆ ಎಂದು ನನಗನಿಸುತ್ತದೆ. ಊಟವಾದ ಮೇಲೆ ಎಂಜಲು ತೆಗೆಯುವವರು ಯಾರು? ನಮ್ಮ ಸಂತರ್ಪಣೆಗಳಲ್ಲಿ ದಾನ ಕೊಟ್ಟವರ ಹೆಸರು ಫ್ಲೆಕ್ಸಿನಲ್ಲಿ ಇರುತ್ತದೆ, ಬಡಿಸಿದವರನ್ನು ವೇದಿಕೆಯಲ್ಲಿ ನೆನೆಯುತ್ತಾರೆ. ಎಲೆ ಎತ್ತಿದವರು, ದೊಡ್ಡ ಕೊಪ್ಪರಿಗೆಯೊಳಗೆ ಇಳಿದು ಮಸಿ ತಿಕ್ಕಿದವರು ಯಾರೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಬಹಳ ಸಲ ಕೂಲಿಯವರ ಕಡೆಗೆ, ಇಲ್ಲವೇ ಆ ಕೆಲಸ ಇಂಥವರದೇ ಎಂದು ಮೊದಲಿನಿಂದ ಗೊತ್ತುಮಾಡಿದ ಮನೆಗಳ ಕಡೆಗೆ ಬೊಟ್ಟು ಮಾಡುತ್ತದೆ. ಸಿಖ್ ಧರ್ಮ ಈ ಪ್ರಶ್ನೆಯನ್ನು ಸುಮಾರು ಐದು ಶತಮಾನಗಳಿಂದ ತನ್ನ ನಡುಮನೆಯಲ್ಲಿ ಇಟ್ಟುಕೊಂಡಿದೆ. ಸಮಾಜ ಕೀಳೆಂದು ಬದಿಗಿಟ್ಟ ಕೆಲಸವನ್ನು ಎಲ್ಲರ ಕೈಗೂ ಕೊಡುವುದು, ಅದನ್ನು ಒಬ್ಬರ ಒಳ್ಳೆಯ ಮನಸ್ಸಿಗೆ ಬಿಡದೆ ದಿನದಿನದ ಶಿಸ್ತಾಗಿ ಮಾಡುವುದು ಸಿಖ್ ಸೇವೆಯ ತಿರುಳು. ಇಂದಿನ ಸಿಖ್ ಬದುಕಿಗೆ ಸೇವೆ ಏಕೆ ಮುಖ್ಯ ಎಂಬುದಕ್ಕೆ ಉತ್ತರ ಈ ಶಿಸ್ತಿನಲ್ಲಿದೆ. ಈ ಶಿಸ್ತು ಸಡಿಲವಾದಲ್ಲಿ ಗುರುದ್ವಾರದ ಸಾಮೂಹಿಕ ಊಟವಾದ ಲಂಗರು ಕೂಡ ಒಂದು ದೊಡ್ಡ ಅನ್ನಛತ್ರವಾಗಿ ಮಾತ್ರ ಉಳಿಯುತ್ತದೆ.

ಕನ್ನಡಿಗರು ಈ ಸೇವೆಯನ್ನು ನೋಡಲು ಅಮೃತಸರದವರೆಗೆ ಹೋಗಬೇಕಾಗಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸಿಖ್ಖರ ಸಂಖ್ಯೆ ಸುಮಾರು 28 ಸಾವಿರ. ಆರು ಕೋಟಿ ದಾಟಿದ ರಾಜ್ಯದಲ್ಲಿ ಇದು ಲೆಕ್ಕಕ್ಕೆ ಸಿಗದಷ್ಟು ಸಣ್ಣ ಸಮುದಾಯ. ಆದರೂ ಸಿಖ್ ಇತಿಹಾಸದಲ್ಲಿ ಕರ್ನಾಟಕಕ್ಕೆ ಗಟ್ಟಿಯಾದ ಜಾಗವಿದೆ, ಅದರ ಹೆಸರು ಬೀದರ್. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣದ ಯಾತ್ರೆಗೆ ಬಂದ ಗುರು ನಾನಕರು ಬೀದರಿನ ಹೊರವಲಯದಲ್ಲಿ ತಂಗಿದರೆಂದು ಪರಂಪರೆ ಹೇಳುತ್ತದೆ. ಕುಡಿಯುವ ನೀರಿಗೆ ಪರದಾಡುತ್ತಿದ್ದ ಜನ ಗುರುವಿನ ಮುಂದೆ ಕಷ್ಟ ಹೇಳಿಕೊಂಡರು, ಗುರು ಗುಡ್ಡದ ಬುಡದ ಒಂದು ಕಲ್ಲನ್ನು ಕಾಲಿನಿಂದ ಸರಿಸಿದರು, ಸಿಹಿನೀರಿನ ಝರಿ ಹರಿಯಿತು ಎಂಬುದು ಅಲ್ಲಿನ ಕಥೆ. ಇಂದು ಅಲ್ಲಿ ನಾನಕ್ ಝೀರಾ ಸಾಹಿಬ್ ಗುರುದ್ವಾರವಿದೆ, ಝರಿಯೂ ಇದೆ.

ಮುರಕಲ್ಲಿನ ನಡುವೆ ಬದುಕುವ ನಮಗೆ ಈ ಝರಿ ಅಪರಿಚಿತವಲ್ಲ. ಬೀದರಿನ ಎತ್ತರದ ನೆಲದ ಮೇಲ್ಪದರವೂ ಕರಾವಳಿಯಂತೆ ಮುರಕಲ್ಲೇ. ಆ ತೂತುತೂತಾದ ಕಲ್ಲು ಮಳೆನೀರನ್ನು ಕುಡಿದು ಒಳಗಿಟ್ಟುಕೊಳ್ಳುತ್ತದೆ, ಕೆಳಗಿನ ಗಟ್ಟಿ ಕಪ್ಪು ಬಂಡೆ ಅದನ್ನು ಇನ್ನಷ್ಟು ಆಳಕ್ಕೆ ಬಿಡುವುದಿಲ್ಲ, ಗುಡ್ಡದ ಅಂಚಿನಲ್ಲಿ ನೀರು ಹೊರಗೆ ಬರುತ್ತದೆ. ಬಹಮನಿಗಳ ಕಾಲದಲ್ಲಿ ಬೀದರಿನಲ್ಲಿ ನೆಲದೊಳಗೆ ಕೊರೆದ ಕಾರೇಜುಗಳೂ ಕಾಸರಗೋಡು ಕಡೆಯ ಸುರಂಗಗಳೂ ಇದೇ ಗುಣವನ್ನು ನಂಬಿಕೊಂಡವು. ಪವಾಡವನ್ನು ನಂಬುವವರು ನಂಬಲಿ. ನನಗೆ ಮುಖ್ಯವೆನಿಸುವುದು ಆ ಪರಂಪರೆ ತನ್ನ ಗುರುವನ್ನು ಈ ಊರಿನಲ್ಲಿ ಯಾವ ಕೆಲಸದ ಮೂಲಕ ನೆನಪಿಟ್ಟುಕೊಂಡಿತು ಎಂಬುದು. ಬಾಯಾರಿದ ಊರಿಗೆ ನೀರು ತೋರಿಸಿದವರೆಂದು ನೆನಪಿಟ್ಟುಕೊಂಡಿತು. ವಾದದಲ್ಲಿ ಪಂಡಿತರನ್ನು ಸೋಲಿಸಿದ ಕಥೆಗಿಂತ ಈ ಕಥೆ ಜನರ ಬಾಯಲ್ಲಿ ಗಟ್ಟಿಯಾಗಿ ಉಳಿಯಿತು.

ಬೀದರಿಗೆ ಇನ್ನೊಂದು ಹಿರಿಮೆ ಇದೆ, ನಮ್ಮ ವಿಷಯಕ್ಕೆ ಅದು ಇನ್ನೂ ಹತ್ತಿರದ್ದು. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗರು ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದಾಗ ಒಬ್ಬೊಬ್ಬರಾಗಿ ಐವರು ಎದ್ದು ನಿಂತರು. ಲಾಹೋರಿನ ದಯಾ ಸಿಂಗ್ ಖತ್ರಿ, ಹಸ್ತಿನಾಪುರದ ಧರಂ ಸಿಂಗ್ ಜಾಟ್, ದ್ವಾರಕೆಯ ಮೊಹಕಂ ಸಿಂಗ್ ಬಟ್ಟೆಯ ಕೆಲಸದ ಛೀಂಬಾ ಜಾತಿಯವರು, ಜಗನ್ನಾಥ ಪುರಿಯ ಹಿಮ್ಮತ್ ಸಿಂಗ್ ನೀರು ಹೊರುವವರ ಕುಲದವರು, ಬೀದರಿನ ಸಾಹಿಬ್ ಸಿಂಗ್ ಕ್ಷೌರಿಕ ಕುಲದವರು. ಪಂಜ್ ಪ್ಯಾರೆ ಎಂದು ಕರೆಸಿಕೊಂಡ ಈ ಐವರಿಗೆ ಗುರು ದೀಕ್ಷೆಯ ಅಮೃತ ಕೊಟ್ಟರು. ಆಮೇಲೆ ಅವರೆದುರು ತಾನೇ ಕೈಮುಗಿದು ನಿಂತು, ತನಗೂ ಅಮೃತ ಕೊಡಿ ಎಂದು ಬೇಡಿದರು. ಸಾಹಿಬ್ ಸಿಂಗ್ ಮುಂದೆ ಚಮಕೌರಿನ ಕಾಳಗದಲ್ಲಿ ಪ್ರಾಣ ಕೊಟ್ಟರು.

ಕ್ಷೌರ ಮಾಡುವವರು, ನೀರು ಹೊರುವವರು, ಬಟ್ಟೆಯ ಕೆಲಸದವರು, ಇವರೆಲ್ಲ ಊರಿಗೆ ಸೇವೆ ಮಾಡುತ್ತಲೇ ಇದ್ದವರು. ಆ ಸೇವೆಯನ್ನು ಅವರು ಆರಿಸಿಕೊಂಡಿರಲಿಲ್ಲ, ಅದು ಹುಟ್ಟಿನೊಂದಿಗೆ ಹೆಗಲಿಗೆ ಬಿದ್ದ ಊಳಿಗ. ಸೇವೆಯೇ ಶ್ರೇಷ್ಠವೆಂದು ಯಾರಾದರೂ ಅವರಿಗೆ ಉಪದೇಶ ಮಾಡಿದ್ದರೆ ಅದು ಅನ್ಯಾಯಕ್ಕೆ ಹೂಮಾಲೆ ಹಾಕಿದಂತಾಗುತ್ತಿತ್ತು. ಗುರು ಮಾಡಿದ್ದು ಬೇರೆ. ಊಳಿಗದವರನ್ನು ಮುಂದಾಳುಗಳನ್ನಾಗಿ ಮಾಡಿ, ಊಳಿಗದ ಕೆಲಸವನ್ನು ಎಲ್ಲರಿಗೂ ಹಂಚಿದರು. ನೀರು ಹೊರುವುದು, ಕಸ ಗುಡಿಸುವುದು, ಪಾತ್ರೆ ತೊಳೆಯುವುದು ಎಲ್ಲರ ಪಾಲಿಗೆ ಬಂದ ದಿನ ಅದು ಯಾರ ಹುಟ್ಟಿನ ಗುರುತೂ ಆಗಿ ಉಳಿಯುವುದಿಲ್ಲ. ಸೇವೆ ನಿಸ್ವಾರ್ಥವಾಗುವ ಮೊದಲು ಸ್ವತಂತ್ರವಾಗಬೇಕು. ಒತ್ತಾಯಕ್ಕೆ ಮಾಡುವ ಕೆಲಸದಲ್ಲಿ ತ್ಯಾಗದ ಮಾತೇ ಬರುವುದಿಲ್ಲ.

ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಾಯಕ ಮತ್ತು ದಾಸೋಹದ ಪ್ರಯೋಗ ನಡೆದಿತ್ತು. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣರಂಥವರು ಅಲ್ಲಿ ಶರಣರಾಗಿ ಎದ್ದು ನಿಂತಿದ್ದರು. ಒಂದರಿಂದ ಇನ್ನೊಂದು ಹುಟ್ಟಿತು ಎಂದು ಹೇಳಲು ನಾನು ಹೊರಟಿಲ್ಲ. ದುಡಿದು ತಿನ್ನು, ಹಂಚಿ ತಿನ್ನು, ದುಡಿಮೆಯಲ್ಲಿ ಮೇಲುಕೀಳು ಎಣಿಸಬೇಡ ಎಂಬ ಮಾತನ್ನು ಕಲ್ಯಾಣದಲ್ಲಿ ಕೇಳಿದ ಕನ್ನಡಿಗನಿಗೆ ನಾನಕರ ದಾರಿ ಪರದೇಶದ್ದೆನಿಸಲಾರದು.

ನಾನಕರು ಯಾತ್ರೆಗಳನ್ನು ಮುಗಿಸಿ ರಾವಿ ನದಿಯ ದಡದ ಕರ್ತಾರಪುರದಲ್ಲಿ ನೆಲೆಸಿ ಕೊನೆಯ ವರ್ಷಗಳಲ್ಲಿ ತಾವೇ ಹೊಲ ಉತ್ತರು. ದುಡಿದು ಉಣ್ಣುವುದು, ನಾಮ ಜಪಿಸುವುದು, ಹಂಚಿಕೊಂಡು ತಿನ್ನುವುದು ಎಂಬ ಮೂರು ಕಟ್ಟಳೆಗಳನ್ನು ಸಿಖ್ಖರು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ತಾನು ದುಡಿಯದೆ ಇನ್ನೊಬ್ಬರ ದುಡಿಮೆಯನ್ನು ಹಂಚುವವನು ಸೇವಾದಾರನಾಗಲಾರ. ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಖಡೂರಿನ ಲಂಗರನ್ನು ನೋಡಿಕೊಂಡ ರೀತಿ ಎಷ್ಟು ದೊಡ್ಡದಾಗಿತ್ತೆಂದರೆ ಅವರ ಹೆಸರು ಗುರು ಗ್ರಂಥ ಸಾಹಿಬಿನಲ್ಲೇ ಸೇರಿತು. ಮೂರನೆಯ ಗುರು ಅಮರದಾಸರು ಗುರುವಾಗುವ ಮೊದಲು, ಅರವತ್ತು ದಾಟಿದ ವಯಸ್ಸಿನಲ್ಲಿ, ಬಿಯಾಸ್ ನದಿಯಿಂದ ಗುರು ಅಂಗದರಿಗಾಗಿ ದಿನವೂ ನೀರು ಹೊತ್ತರು. ಗುರುವಾದ ಮೇಲೆ ಗೋಯಿಂದವಾಲದಲ್ಲಿ ಅವರು ಮಾಡಿದ ನಿಯಮ ಪ್ರಸಿದ್ಧ: ಮೊದಲು ಪಂಗತ್, ಆಮೇಲೆ ಸಂಗತ್. ಗುರುವನ್ನು ನೋಡಬೇಕಾದವರು ಮೊದಲು ನೆಲದ ಮೇಲೆ ಸಾಲಿನಲ್ಲಿ ಕೂತು ಉಣ್ಣಬೇಕು. ಅಕ್ಬರ್ ಬಾದಶಹನೂ ಹಾಗೆ ಕೂತು ಉಂಡನೆಂದು ಪರಂಪರೆ ನೆನೆಯುತ್ತದೆ. ಐದನೆಯ ಗುರು ಅರ್ಜನರು ತರನ್ ತಾರನ್‌ನಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು.

ಪಂಗತ್ತಿನ ಈ ನಿಯಮದಲ್ಲಿ ಹಸಿವಿನ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಹೊಟ್ಟೆ ತುಂಬಿದವನೂ ಕೂರಬೇಕು, ಬಾದಶಹನೂ ಕೂರಬೇಕು. ದಾನದಲ್ಲಿ ಕೊಡುವವನ ಕೈ ಮೇಲೆ ಇರುತ್ತದೆ, ಪಡೆಯುವವನ ಕೈ ಕೆಳಗೆ. ಪಂಗತ್ತಿನಲ್ಲಿ ಕೊಟ್ಟವನೂ ಪಡೆದವನೂ ಒಂದೇ ಚಾಪೆಯ ಮೇಲೆ ಇರುತ್ತಾರೆ. ಇಂದು ಉಂಡವನು ಬೇಕೆಂದರೆ ಆ ಗಳಿಗೆಯಲ್ಲೇ ಎದ್ದು ಹೋಗಿ ರೊಟ್ಟಿ ಲಟ್ಟಿಸಬಹುದು, ತಟ್ಟೆ ತೊಳೆಯಬಹುದು. ಅಲ್ಲಿ ಯಾರೂ ಕೇವಲ ಫಲಾನುಭವಿಯಾಗಿ ಉಳಿಯಬೇಕಾಗಿಲ್ಲ. ಉಪಕಾರದ ಭಾರ ಹೊರಿಸದೆ ಉಪಕಾರ ಮಾಡುವುದು ಹೇಗೆಂದು ಯೋಚಿಸುವ ಯಾವ ಸಂಸ್ಥೆಯೂ ಕಲಿಯಬೇಕಾದ ಸಂಗತಿ ಇದು.

ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಒಪ್ಪಿದ ನಡವಳಿಕೆಯ ಸಂಹಿತೆಯಾದ ಸಿಖ್ ರಹತ್ ಮರ್ಯಾದೆಯಲ್ಲಿ ಸೇವೆಗೆ ಪ್ರತ್ಯೇಕ ಜಾಗವಿದೆ. ಗುಡಿಸುವುದು, ನೀರು ಕೊಡುವುದು, ಗಾಳಿ ಬೀಸುವುದು, ಲಂಗರಿನಲ್ಲಿ ಬಡಿಸುವುದು, ಬಂದವರ ಪಾದರಕ್ಷೆಯ ಧೂಳು ಒರೆಸುವುದು ಅಲ್ಲಿ ಧಾರ್ಮಿಕ ಕರ್ತವ್ಯಗಳಾಗಿ ಬರುತ್ತವೆ. ಇದರ ಬಲ ಕಾಣುವುದು ಅಧಿಕಾರದಲ್ಲಿದ್ದವರ ತಪ್ಪನ್ನು ಸಿಖ್ಖರ ಪರಮೋಚ್ಚ ಧಾರ್ಮಿಕ ಪೀಠವಾದ ಅಕಾಲ್ ತಖ್ತ್ ವಿಚಾರಿಸುವಾಗ. 2024ರ ಡಿಸೆಂಬರಿನಲ್ಲಿ ಪಂಜಾಬಿನ ಮಾಜಿ ಉಪಮುಖ್ಯಮಂತ್ರಿ ಸುಖಬೀರ್ ಸಿಂಗ್ ಬಾದಲ್ ಅವರಿಗೂ ಅವರ ಸರ್ಕಾರದಲ್ಲಿದ್ದ ಸಚಿವರಿಗೂ ಆ ಕಾಲದ ತಪ್ಪುಗಳಿಗಾಗಿ ವಿಧಿಸಿದ ದಂಡ ಸೇವೆಯೇ ಆಗಿತ್ತು: ತಟ್ಟೆ ತೊಳೆಯುವುದು, ಶೌಚಾಲಯ ಸ್ವಚ್ಛ ಮಾಡುವುದು, ಗುರುದ್ವಾರದ ಬಾಗಿಲಲ್ಲಿ ಸೇವಾದಾರನಾಗಿ ಕಾಯುವುದು. ಗಾಲಿಕುರ್ಚಿಯಲ್ಲಿ ಕೂತು ಬಾಗಿಲು ಕಾಯುತ್ತಿದ್ದಾಗ ಬಾದಲ್ ಅವರ ಮೇಲೆ ಗುಂಡು ಹಾರಿತು, ಅವರು ಪಾರಾದರು.

ಸೇವೆ ಅಷ್ಟು ಗೌರವದ್ದಾದರೆ ಅದನ್ನು ದಂಡವಾಗಿ ಕೊಡುವುದೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತಟ್ಟೆ ತೊಳೆಯುವುದು ಅವಮಾನದ ಕೆಲಸವಾಗಿದ್ದರೆ ಆ ದಂಡ ಬರೀ ಅವಮಾನವಾಗುತ್ತಿತ್ತು. ಆದರೆ ಅದೇ ತೊಟ್ಟಿಯ ಮುಂದೆ ಅದೇ ಹೊತ್ತಿಗೆ ಯಾವ ತಪ್ಪನ್ನೂ ಮಾಡದ ನೂರಾರು ಜನ ತಾವಾಗಿ ಬಂದು ತಟ್ಟೆ ತೊಳೆಯುತ್ತಿರುತ್ತಾರೆ. ತಪ್ಪು ಮಾಡಿದವನನ್ನು ಆ ಸಾಲಿಗೆ ಸೇರಿಸುತ್ತಾರೆ. ಸಿಖ್ ಚಿಂತನೆ ಮನುಷ್ಯನ ಮೂಲ ಕಾಯಿಲೆಯನ್ನು ಹೌಮೈ ಎನ್ನುತ್ತದೆ, ನಾನು ನಾನು ಎಂಬ ಹಮ್ಮು. ಸೇವೆ ಅದಕ್ಕೆ ಮದ್ದು. ಹಮ್ಮು ಎಲ್ಲರಿಗೂ ಇರುವುದರಿಂದ ಮದ್ದು ಎಲ್ಲರಿಗೂ ಬೇಕು, ಅಧಿಕಾರದ ರುಚಿ ಕಂಡವರಿಗೆ ಸ್ವಲ್ಪ ಹೆಚ್ಚು ಬೇಕು. ಸ್ವರ್ಣಮಂದಿರವೆಂದು ಕರೆಸಿಕೊಳ್ಳುವ ಅಮೃತಸರದ ದರ್ಬಾರ್ ಸಾಹಿಬಿನ ಲಂಗರಿನಲ್ಲಿ ದಿನಕ್ಕೆ 50 ಸಾವಿರದಿಂದ 1 ಲಕ್ಷ ಜನ ಉಣ್ಣುತ್ತಾರೆಂಬ ಸಂಖ್ಯೆ ಎಲ್ಲರನ್ನೂ ಬೆರಗುಗೊಳಿಸುತ್ತದೆ. ಅಷ್ಟು ತಟ್ಟೆಗಳನ್ನು ತೊಳೆಯಲು ಅಂಗಡಿಯವರು, ಡಾಕ್ಟರುಗಳು, ರೈತರು, ವಿದ್ಯಾರ್ಥಿಗಳು ದಿನವೂ ಬರುತ್ತಾರೆ ಎಂಬುದು ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಬೆರಗು.

ಈ ಮದ್ದು ಎಲ್ಲಿಯವರೆಗೆ ಮುಟ್ಟುತ್ತದೆ ಎಂಬುದಕ್ಕೆ ಆನಂದಪುರದ ಯುದ್ಧಕಾಲದ ಭಾಯಿ ಕನ್ಹಯ್ಯನ ಕಥೆ ಇದೆ. ಗಾಯಗೊಂಡು ಬಿದ್ದ ಶತ್ರು ಸೈನಿಕರಿಗೂ ಈತ ನೀರು ಕುಡಿಸುತ್ತಾನೆಂದು ದೂರು ಹೋಯಿತು. ಗುರು ಗೋಬಿಂದ್ ಸಿಂಗರು ಕರೆಸಿ ಕೇಳಿದರು. ತನಗೆ ಎಲ್ಲರಲ್ಲೂ ಒಬ್ಬನೇ ಕಾಣುತ್ತಾನೆ ಎಂದು ಆತ ಹೇಳಿದಾಗ, ಗಾಯಕ್ಕೆ ಹಚ್ಚಲು ಮುಲಾಮನ್ನೂ ಕೊಟ್ಟು ಕಳಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಭಗತ್ ಪೂರಣ್ ಸಿಂಗ್ ಅದೇ ದಾರಿಯಲ್ಲಿ ನಡೆದರು. ಲಾಹೋರಿನ ಗುರುದ್ವಾರದ ಬಾಗಿಲಲ್ಲಿ ಯಾರೋ ಬಿಟ್ಟುಹೋದ ಅಂಗವಿಕಲ ಮಗುವನ್ನು ಅವರು ವರ್ಷಗಟ್ಟಲೆ ಬೆನ್ನ ಮೇಲೆ ಹೊತ್ತು ಸಾಕಿದರು. 1947ರ ವಿಭಜನೆಯಲ್ಲಿ ಆ ಮಗುವಿನೊಂದಿಗೇ ಅಮೃತಸರಕ್ಕೆ ಬಂದು, ಯಾರಿಗೂ ಬೇಡವಾದ ರೋಗಿಗಳಿಗೆ ಪಿಂಗಲವಾಡಾ ಕಟ್ಟಿದರು. 1979ರಲ್ಲಿ ಪದ್ಮಶ್ರೀ ಬಂತು. 1984ರಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿದ ನೋವಿಗೆ ಅದನ್ನು ಮರಳಿಸಿದರು, ಪಿಂಗಲವಾಡಾದ ಕೆಲಸ ಬಿಡಲಿಲ್ಲ. ನಮ್ಮ ಕಾಲದಲ್ಲಿ, 1999ರಲ್ಲಿ ಕೊಸೊವೊದ ನಿರಾಶ್ರಿತರ ನೆರವಿಗಾಗಿ ಬ್ರಿಟನ್ನಿನಲ್ಲಿ ಹುಟ್ಟಿದ ಖಾಲ್ಸಾ ಏಡ್ 2018ರ ಪ್ರವಾಹದಲ್ಲಿ ನಮ್ಮ ನೆರೆಯ ಕೇರಳಕ್ಕೂ ಬಂತು. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಉಸಿರಿಗೆ ಬರ ಬಂದಾಗ ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರ ಬೀದಿಯಲ್ಲೇ ಆಮ್ಲಜನಕದ ಲಂಗರು ತೆರೆಯಿತು. ದಿಲ್ಲಿಯ ಗಡಿಯ ರೈತ ಹೋರಾಟದಲ್ಲಿ, ತಮ್ಮನ್ನು ತಡೆಯಲು ನಿಂತ ಪೊಲೀಸರಿಗೂ ರೈತರು ರೊಟ್ಟಿ ಬಡಿಸಿದರು.

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು: ಊಟ ಹಾಕಿದರೆ ಬಡತನ ಹೋಗುವುದೇ? ಹೋಗುವುದಿಲ್ಲ. ಕೂಲಿ, ಭೂಮಿ, ಶಾಲೆ, ಆಸ್ಪತ್ರೆಗಳ ಪ್ರಶ್ನೆಯನ್ನು ಸರ್ಕಾರವೂ ಸಮಾಜವೂ ಬಿಡಿಸಬೇಕು, ಲಂಗರಿಗೆ ಹೊರಿಸಬಾರದು. ಆದರೆ ಲಂಗರು ನ್ಯಾಯದ ಹೋರಾಟವನ್ನು ಮಲಗಿಸುವ ಜೋಗುಳವೂ ಅಲ್ಲ. 1922ರಲ್ಲಿ ಗುರು ಕಾ ಬಾಗ್‌ನಲ್ಲಿ ಲಂಗರಿನ ಒಲೆಗೆ ಸೌದೆ ಕಡಿದದ್ದನ್ನೇ ಅಪರಾಧವೆಂದು ಬ್ರಿಟಿಷ್ ಪೊಲೀಸರು ಗುರುದ್ವಾರ ಸುಧಾರಣೆಗೆ ಹೋರಾಡುತ್ತಿದ್ದ ಅಕಾಲಿಗಳನ್ನು ಬಂಧಿಸಿದರು. ಮುಂದೆ ಗುಂಪುಗುಂಪಾಗಿ ಬಂದವರು ಕೈ ಎತ್ತದೆ ಲಾಠಿ ಏಟು ತಿಂದರು. ಪಾದ್ರಿ ಸಿ.ಎಫ್. ಆಂಡ್ರೂಸ್ ಅದನ್ನು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದರು. ಅಡುಗೆಮನೆಯ ಸೌದೆಯಿಂದ ಸ್ವಾತಂತ್ರ್ಯದ ಹೋರಾಟದವರೆಗಿನ ದಾರಿ ಅಷ್ಟು ಹತ್ತಿರದ್ದಾಗಿತ್ತು. ದಿಲ್ಲಿಯ ಗಡಿಯಲ್ಲಿ ವರ್ಷ ದಾಟಿದ ರೈತ ಹೋರಾಟ ನಿಂತದ್ದರ ಹಿಂದೆಯೂ ಆರದ ಒಲೆಗಳಿದ್ದವು. ಕೂಡಿ ಉಣ್ಣಲು ಬಲ್ಲವರಿಗೆ ಕೂಡಿ ನಿಲ್ಲುವುದು ಸುಲಭ.

ಎರಡನೆಯದು ಇನ್ನೂ ಸೂಕ್ಷ್ಮ. ಪ್ರವಾಹ ಬಂದಾಗ, ರೋಗ ಬಂದಾಗ ಸಿಖ್ಖರನ್ನು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆಯೊಳಗೆ ಒಂದು ಅಪಾಯವಿದೆ: ಅಲ್ಪಸಂಖ್ಯಾತರು ಊಟ ಹಾಕಿ, ಪ್ರಾಣ ಉಳಿಸಿ ತಮ್ಮ ದೇಶಪ್ರೇಮವನ್ನು ರುಜುವಾತು ಮಾಡುತ್ತಿರಬೇಕು ಎಂಬ ಭಾವನೆ. 1984ರ ನವೆಂಬರಿನಲ್ಲಿ ದಿಲ್ಲಿಯಲ್ಲಿ, ಸರ್ಕಾರದ ಲೆಕ್ಕದಂತೆಯೇ, 2,733 ಸಿಖ್ಖರು ಕೊಲೆಯಾದರು. ಕನ್ನಡ ನಾಡು ಇದರಿಂದ ಹೊರಗಿಲ್ಲ. 1988ರ ಸೆಪ್ಟೆಂಬರಿನಲ್ಲಿ ಬೀದರಿನಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಯಾಗಿ ಹಲವರು ಪ್ರಾಣ ಕಳೆದುಕೊಂಡರು. ಸಾಹಿಬ್ ಸಿಂಗರ ಊರಿನಲ್ಲಿ, ನಾನಕರು ನೀರು ತೋರಿಸಿದ ಊರಿನಲ್ಲಿ ಅದು ನಡೆಯಿತು ಎಂಬುದನ್ನು ಕನ್ನಡಿಗರು ಮರೆಯಬಾರದು. ನಾನಕ್ ಝೀರಾದಲ್ಲಿ ಇಂದೂ ಯಾರು ಹೋದರೂ ತಟ್ಟೆ ಸಿಗುತ್ತದೆ. ಆ ತಟ್ಟೆ ಸಿಖ್ಖರು ಈ ನಾಡಿಗೆ ಕಟ್ಟಬೇಕಾದ ಬಾಡಿಗೆಯಲ್ಲ. ಸೇವೆ ಮಾಡದ ಸಿಖ್ಖನಿಗೂ ಸೇವೆ ಮಾಡುವ ಸಿಖ್ಖನಷ್ಟೇ ಇಲ್ಲಿ ಬದುಕುವ ಹಕ್ಕಿದೆ. ಪ್ರತಿಫಲ ಬಯಸದೆ ಮಾಡುವ ಸೇವೆಗೆ ಪೌರತ್ವದ ಬೆಲೆ ಕಟ್ಟುವುದು ಅದನ್ನು ಪಡೆದವರು ಮಾಡುವ ದ್ರೋಹ.

ಸಿಖ್ ಸಮಾಜ ತನ್ನೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಇವೆ, ಅದರ ಉತ್ತಮ ಮನಸ್ಸುಗಳು ಅವನ್ನು ಕೇಳುತ್ತಲೇ ಬಂದಿವೆ. 1920ರ ಅಕ್ಟೋಬರ್ 12ರಂದು ಕೆಳಜಾತಿಗಳಿಂದ ಬಂದು ಹೊಸದಾಗಿ ಅಮೃತ ಪಡೆದವರು ದರ್ಬಾರ್ ಸಾಹಿಬಿಗೆ ಕಡಾ ಪ್ರಸಾದ ತಂದಾಗ ಅಲ್ಲಿನ ಪೂಜಾರಿಗಳು ಸ್ವೀಕರಿಸಲು ನಿರಾಕರಿಸಿದರು. ನೆರೆದ ಭಕ್ತರ ಸಂಗತ್ತಿನ ಪಟ್ಟಿಗೆ ಕೊನೆಗೆ ಅವರು ಮಣಿಯಬೇಕಾಯಿತು. ಅಕಾಲ್ ತಖ್ತಿನ ಪೂಜಾರಿಗಳು ಜಾಗ ಬಿಟ್ಟು ಹೋದರು. ಗುರುದ್ವಾರ ಸುಧಾರಣಾ ಚಳವಳಿ ಬಲಗೊಂಡು ಮರುತಿಂಗಳೇ ಪ್ರಬಂಧಕ ಸಮಿತಿ ಹುಟ್ಟಿತು. ಹೀಗೆ ಸಿಖ್ಖರ ಅತಿ ದೊಡ್ಡ ಧಾರ್ಮಿಕ ಸಂಸ್ಥೆಯ ಹಿಂದೆ ಕೆಳಜಾತಿಯವರ ಕೈಯ ಪ್ರಸಾದದ ಪ್ರಶ್ನೆ ಇದೆ. ಆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 2011ರ ಗಣತಿಯಲ್ಲಿ ಪಂಜಾಬಿನ ಜನಸಂಖ್ಯೆಯ ಶೇಕಡಾ 31.9 ಪರಿಶಿಷ್ಟ ಜಾತಿಯವರು. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಜಾಟರಿಗೊಂದು ಗುರುದ್ವಾರ, ದಲಿತರಿಗೊಂದು ಗುರುದ್ವಾರ, ಸ್ಮಶಾನವೂ ಬೇರೆ. ಹೀಗೆ ಬೇರೆಯಾದ ಲಂಗರುಗಳಲ್ಲಿ ಎಷ್ಟು ರುಚಿಯಾದ ದಾಲ್ ಬೆಂದರೂ ಗುರು ಅಮರದಾಸರ ಪಂಗತ್ ಅಲ್ಲಿ ಪೂರ್ಣವಾಗಲಿಲ್ಲ.

ಇನ್ನೊಂದು ಪ್ರಶ್ನೆ ಸಿಕ್ಲಿಗರರದು. ಒಂದು ಕಾಲಕ್ಕೆ ಗುರುಗಳ ಸೈನ್ಯಕ್ಕೆ ಆಯುಧ ಮಾಡಿಕೊಟ್ಟ ಈ ಕುಶಲಕರ್ಮಿ ಸಿಖ್ಖರು ಇಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಕಬ್ಬಿಣದ ಸಣ್ಣಪುಟ್ಟ ಕೆಲಸ ಮಾಡಿ ಬಡತನದಲ್ಲಿ ಬದುಕುತ್ತಾರೆ. ಲೋಕದ ಮೂಲೆಮೂಲೆಯ ಸಂತ್ರಸ್ತರನ್ನು ತಲುಪುವ ಸೇವೆ ತನ್ನದೇ ಸಾಲಿನ ಕೊನೆಯಲ್ಲಿ ಕೂತವರ ಮಕ್ಕಳ ಓದಿಗೂ ಕಸುಬಿಗೂ ತಲುಪಬೇಕು. ಹೆಣ್ಣುಮಕ್ಕಳ ಪ್ರಶ್ನೆಯೂ ಹಾಗೆಯೇ. ಲಂಗರಿನ ಇತಿಹಾಸ ಮಾತಾ ಖೀವಿಯ ಹೆಸರಿನಿಂದ ಬೆಳಗುತ್ತದೆ. 1705ರ ಮುಕ್ತಸರದ ಯುದ್ಧದಲ್ಲಿ ಕತ್ತಿ ಹಿಡಿದ ಮಾಯಿ ಭಾಗೋ ಕೊನೆಗಾಲವನ್ನು ಬೀದರ್ ಹತ್ತಿರದ ಜನವಾಡದಲ್ಲಿ ಕಳೆದರು, ಅಲ್ಲಿ ಅವರ ಹೆಸರಿನ ಗುರುದ್ವಾರವಿದೆ. ಹಾಗಿದ್ದೂ ದರ್ಬಾರ್ ಸಾಹಿಬಿನ ಗರ್ಭಗುಡಿಯೊಳಗೆ ಕೀರ್ತನ ಸೇವೆ ಮಾಡಲು ಹೆಂಗಸರಿಗೆ ಅವಕಾಶ ಕೊಡಿ ಎಂದು 2019ರಲ್ಲಿ ಪಂಜಾಬ್ ವಿಧಾನಸಭೆ ಕೇಳಿಕೊಳ್ಳಬೇಕಾಯಿತು. ರೊಟ್ಟಿ ಲಟ್ಟಿಸುವ ಸೇವೆ ಎಲ್ಲರಿಗೂ ತೆರೆದು, ಹಾಡುವ ಸೇವೆ ಗಂಡಸರಿಗೆ ಮಾತ್ರ ಉಳಿದರೆ ಸೇವೆಯೊಳಗೇ ಮೇಲುಕೀಳು ಬರುತ್ತದೆ.

ಇವೆಲ್ಲದರ ಜತೆಗೆ ನಮ್ಮ ಕಾಲ ತಂದ ಹೊಸ ಪರೀಕ್ಷೆಯೊಂದಿದೆ. ಗಳಿಕೆಯ ಹತ್ತರಲ್ಲಿ ಒಂದು ಪಾಲನ್ನು ಕೊಡುವ ದಸವಂಧ್ ಇಂದು ಮೊಬೈಲಿನಲ್ಲಿ ಒಂದು ಗಳಿಗೆಯ ಕೆಲಸ. ದೊಡ್ಡ ಲಂಗರುಗಳಿಗೆ ರೊಟ್ಟಿ ಮಾಡುವ ಯಂತ್ರ ಬಂದಿದೆ. ಯಂತ್ರವನ್ನು ನಾನು ವಿರೋಧಿಸುವುದಿಲ್ಲ, ಹಬ್ಬದ ದಿನ ಹಸಿದು ಕಾಯುವ ಸಾವಿರಾರು ಜನರಿಗೆ ಅದು ಬೇಕು. ಹಣವೂ ಬೇಕು, ಆಮ್ಲಜನಕ ಹಣವಿಲ್ಲದೆ ಬರುವುದಿಲ್ಲ. ಆದರೆ ಹಣ ಕೊಟ್ಟು ಕೈ ತೊಳೆದುಕೊಂಡವನ ಹಮ್ಮು ಕರಗುವುದಿಲ್ಲ, ಎಷ್ಟೋ ಸಲ ಬೆಳೆಯುತ್ತದೆ. ಕ್ಯಾಮೆರಾದ ಮುಂದೆ ಬಡಿಸುವ ಸೇವೆಯಲ್ಲಿ ಉಣ್ಣುವವನ ಮುಖ ಇನ್ನೊಬ್ಬರ ಕೀರ್ತಿಯ ಸಾಮಗ್ರಿಯಾಗುತ್ತದೆ. ಕೊಡುವುದು ಇಷ್ಟು ಸುಲಭವಾದ ಕಾಲದಲ್ಲಿ ಬಗ್ಗಿ ಮಾಡುವ ಕೆಲಸದ ಬೆಲೆ ಹೆಚ್ಚುತ್ತದೆ. ಚಪ್ಪಲಿ ಇಡುವ ಜೋಡಾ ಘರ್‌ನಲ್ಲಿ ಯಾರ ಪಾದರಕ್ಷೆಯೆಂದು ತಿಳಿಯದೆ ಧೂಳು ಒರೆಸುವ ಮನುಷ್ಯನಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ವಿದೇಶದಲ್ಲಿ ಹುಟ್ಟಿ ಬೆಳೆಯುವ, ಪಂಜಾಬಿ ಓದಲು ಬಾರದ ಸಿಖ್ ಮಕ್ಕಳಿಗೂ ಧರ್ಮ ಕೈಯ ಮೂಲಕ ಮೈಗೆ ಇಳಿಯುವುದು ಇಂಥಲ್ಲಿ. ಉಪದೇಶ ಮರೆತುಹೋಗಬಹುದು, ಕೈ ಕಲಿತದ್ದು ಬೇಗ ಮರೆಯುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಕರಾವಳಿಯ ಅನ್ನದಾನವನ್ನು ಕಡಿಮೆ ಎನ್ನುವುದು ನನ್ನ ಉದ್ದೇಶವಲ್ಲ. ಬ್ರಹ್ಮಕಲಶದ ಕರಸೇವೆಯಲ್ಲಿ ಬೆವರು ಸುರಿಸುವ ಹುಡುಗರಲ್ಲಿ, ಹೊರೆಕಾಣಿಕೆಗೆ ಸೇರು ಅಕ್ಕಿ ತರುವ ಬೀಡಿ ಕಟ್ಟುವ ಹೆಂಗಸಿನಲ್ಲಿ ಇರುವ ನಿಸ್ವಾರ್ಥಕ್ಕೆ ಯಾವ ಪರಂಪರೆಯ ಪ್ರಮಾಣಪತ್ರವೂ ಬೇಡ. ಆದರೆ ನಮ್ಮ ಸೀಮೆ ಅನ್ನ ಕೊಡುತ್ತಲೇ ಜನರನ್ನು ದೂರ ಇಟ್ಟದ್ದೂ ನಿಜ. ಪಂಕ್ತಿಭೇದದ ಚರ್ಚೆ ಈ ಭಾಗದ ಕ್ಷೇತ್ರಗಳ ಹೆಸರಿನೊಂದಿಗೇ ಪದೇ ಪದೇ ಎದ್ದಿತು. ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನದ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೊಟ್ಟೆ ತುಂಬಿಸಿದ ಊಟವೇ ಮನಸ್ಸು ನೋಯಿಸಬಲ್ಲದು ಎಂಬುದನ್ನು ಬೇರೆ ಸಾಲಿಗೆ ಎಬ್ಬಿಸಿ ಕಳಿಸಿಕೊಂಡವರು ಬಲ್ಲರು. ಶಾಲೆಗಳ ಬಿಸಿಯೂಟ ಈ ನಾಡಿನ ಅತಿ ದೊಡ್ಡ ಪಂಗತ್. ಅಲ್ಲೂ ಅಡುಗೆಯವರ ಜಾತಿ ನೋಡಿ ತಂದೆತಾಯಿ ಮಕ್ಕಳನ್ನು ಊಟದಿಂದ ತಡೆದ ಸುದ್ದಿಗಳು ರಾಜ್ಯದಲ್ಲಿ ಮತ್ತೆ ಮತ್ತೆ ಬಂದಿವೆ.

ಆದ್ದರಿಂದ ನನ್ನ ಸಲಹೆ ದೊಡ್ಡದೇನಲ್ಲ. ನಮ್ಮ ಊರುಗಳ ಸಂತರ್ಪಣೆಯಲ್ಲಿ ಎಲ್ಲರಿಗೂ ಒಂದೇ ಸಾಲು ಇರಲಿ. ಆಡಳಿತ ಮೊಕ್ತೇಸರರು, ಸಮಿತಿಯ ಅಧ್ಯಕ್ಷರು, ವೇದಿಕೆಯ ಅತಿಥಿಗಳು, ಫ್ಲೆಕ್ಸಿನಲ್ಲಿ ಹೆಸರಿರುವ ದಾನಿಗಳು ಒಂದು ಹೊತ್ತಾದರೂ ಎಲೆ ಎತ್ತಲಿ, ಪಾತ್ರೆ ತಿಕ್ಕಲಿ. ಅದರ ಫೋಟೋ ಬೇಡ. ಕಾಲೇಜುಗಳ ಎನ್ನೆಸ್ಸೆಸ್ ಶಿಬಿರಗಳಲ್ಲಿ ಅಡುಗೆಯೂ ಶೌಚಾಲಯವೂ ಹುಡುಗ ಹುಡುಗಿ ಎನ್ನದೆ ಸರದಿಯ ಪ್ರಕಾರ ಬರಲಿ. ಮಣಿಪಾಲದಂಥ ಊರಿಗೆ ದೇಶದ ಎಲ್ಲ ಮೂಲೆಗಳಿಂದ ಮಕ್ಕಳು ಓದಲು ಬರುತ್ತಾರೆ, ಅವರನ್ನೂ ನಮ್ಮ ಸಾಲಿಗೆ ಕರೆಯೋಣ.

ಸಿಖ್ ಧರ್ಮ ತನ್ನ ಸೇವೆಯನ್ನು ಎಷ್ಟು ತಟ್ಟೆ ಬಡಿಸಿತು ಎಂಬ ಲೆಕ್ಕಕ್ಕೆ ಒಪ್ಪಿಸದೆ, ಯಾರು ತೊಳೆದರು, ಯಾರು ಪಕ್ಕದಲ್ಲಿ ಕೂತರು, ಯಾರು ಇನ್ನೂ ಹೊರಗಿದ್ದಾರೆ ಎಂಬ ಪ್ರಶ್ನೆಗಳಿಗೆ ಒಪ್ಪಿಸುವವರೆಗೆ ಅದರ ಲಂಗರು ಲೋಕಕ್ಕೆ ಪಾಠ ಹೇಳಬಲ್ಲದು. ಆ ಪಾಠವನ್ನು ಹೊಗಳಿ ಮನೆಗೆ ಮರಳುವುದು ಸುಲಭ. ಬೀದರಿನ ಸಾಹಿಬ್ ಸಿಂಗರನ್ನು ನಮ್ಮವರೆಂದು ಹೇಳಿಕೊಳ್ಳುವ ಹಕ್ಕು ಮಾತ್ರ, ಊಟ ಮುಗಿಸಿ ಎದ್ದು ಇನ್ನೊಬ್ಬರ ಎಂಜಲು ಎತ್ತಲು ಹಿಂಜರಿಯದ ಕನ್ನಡಿಗರಿಗೆ ಸೇರಿದ್ದು.